6.8ರ ಡ್ರಿಲ್ ಯಾಕೆ ಬೇಕು

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಜಾಬ್‌ವರ್ಕ್ ಶೆಡ್. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುವುದೇ ಇದು: "ಅಣ್ಣಾ, ಎಂ8 ಟ್ಯಾಪಿಗೆ ಯಾವ ಡ್ರಿಲ್ ಹಾಕ್ಲಿ?"

ಎಂ8 ಅಂದರೆ 8 ಎಂಎಂ ದಪ್ಪದ ಬೋಲ್ಟಿನ ಅಳತೆ. ಟ್ಯಾಪ್ ಅಂದರೆ ಡ್ರಿಲ್ ಹೊಡೆದ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ. ಲೆಕ್ಕ ಸುಲಭ. ಬೋಲ್ಟಿನ ಸೈಜಿನಲ್ಲಿ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ, ಕಳೆದರೆ ಆಯ್ತು. ಎಲ್ಲಾ ಎಂಎಂ ಲೆಕ್ಕ. ಎಂ6ರ ಪಿಚ್ 1, ಡ್ರಿಲ್ 5. ಎಂ10ರ ಪಿಚ್ 1.5, ಡ್ರಿಲ್ 8.5. ಎಂ8ರಲ್ಲಿ 1.25 ಹೋದರೆ 6.75 ಉಳಿಯುತ್ತದೆ, ಅದಕ್ಕೆ 6.8ರ ಡ್ರಿಲ್.

ಆದರೆ ಅರ್ಧ ಅರ್ಧ ಎಂಎಂ ಏರುವ ಸೆಟ್ಟಿನಲ್ಲಿ 6.8 ಇರುವುದೇ ಇಲ್ಲ. 6.5 ಇರುತ್ತದೆ, 7 ಇರುತ್ತದೆ. ತೂತು ಸಣ್ಣದಾದರೆ ಥ್ರೆಡ್ ಗಟ್ಟಿ ಅಂತ 6.5 ಹಾಕುವವರೇ ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. 6.8ರಲ್ಲಿ ಥ್ರೆಡ್ಡಿನ ಎತ್ತರ ಪೂರ್ತಿ ಎತ್ತರದ ಸುಮಾರು 74 ಪರ್ಸೆಂಟ್ ಬರುತ್ತದೆ, 6.5ರಲ್ಲಿ 92. ಬಲ ಹೆಚ್ಚುವುದು ಸ್ವಲ್ಪ, ಟ್ಯಾಪಿನ ಮೇಲೆ ಬೀಳುವ ಒತ್ತಡ ಮಾತ್ರ ವಿಪರೀತ. ಒಳಗೇ ಟ್ಯಾಪ್ ಮುರಿದರೆ ಜಾಬ್ ತಗೊಂಡು, ಕರೆಂಟಿನ ಕಿಡಿಯಿಂದ ಮುರಿದ ಟ್ಯಾಪನ್ನು ಕರಗಿಸಿ ತೆಗೆಯುವ ಸ್ಪಾರ್ಕ್ ಮಷಿನ್ ಇರುವವರ ಬಾಗಿಲಿಗೆ ಹೋಗಬೇಕು. ಎಸ್‌ಎಸ್‌ನಲ್ಲಿ (ಸ್ಟೇನ್‌ಲೆಸ್ ಸ್ಟೀಲ್) ಆಳದ ತೂತಾದರೆ ನಾನು ಬೇಕಂತಲೇ 7 ಹಾಕುತ್ತೇನೆ. ಥ್ರೆಡ್ 62 ಪರ್ಸೆಂಟ್ ಬಂದರೂ ಆಳ ಇದ್ದರೆ ಬೋಲ್ಟ್ ಹಿಡಿಯುತ್ತದೆ.

ನಮ್ಮಲ್ಲಿ ಫೌಂಡ್ರಿಗಳು ಬಹಳ, ಹಾಗಾಗಿ ಬೀಡಿನ (ಎರಕದ ಕಬ್ಬಿಣದ) ಕೆಲಸವೂ ಬಹಳ. ಬೀಡಿಗೆ 6.8 ಸರಿ. ಎಣ್ಣೆ ಬೇಡ, ಪುಡಿ ತಾನೇ ಉದುರುತ್ತದೆ. ಆದರೆ ಥ್ರೆಡ್ಡಿನ ಆಳ ಬೋಲ್ಟಿನ ಸೈಜಿನ ಒಂದೂವರೆ ಪಟ್ಟು ಇಡುತ್ತೇನೆ. ಉಕ್ಕಿಗೆ ಒಂದು ಪಟ್ಟು ಸಾಕು. ಅಲ್ಯುಮಿನಿಯಂಗೆ ಎರಡು ಪಟ್ಟು, ಜೊತೆಗೆ ಸೀಮೆಎಣ್ಣೆ.

ಇನ್ನೊಂದು ವಿಷಯ ಡ್ರಿಲ್ ಸೈಜಿನ ಚಾರ್ಟಿನಲ್ಲಿ ಇರುವುದಿಲ್ಲ. ಗ್ರೈಂಡರ್ ಮೇಲೆ ಕೈಯಲ್ಲೇ ಮಸೆದ ಡ್ರಿಲ್ಲಿನ ತುದಿಯ ಎರಡು ತುಟಿ (ಕೊರೆಯುವ ಅಂಚು) ಸಮ ಇಲ್ಲದಿದ್ದರೆ ತೂತು ದೊಡ್ಡದಾಗುತ್ತದೆ. ಮೇಲೆ 6.8 ಅಂತ ಬರೆದಿದ್ದರೂ ಹೊಡೆಯುವುದು 7 ಆಗಿರಬಹುದು. ಅದಕ್ಕೇ ಮಸೆದ ಮೇಲೆ ಮೊದಲು ಸ್ಕ್ರಾಪ್ ತುಂಡಿನಲ್ಲಿ ಒಂದು ತೂತು ಹೊಡೆದು, ವರ್ನಿಯರ್ ಹಾಕಿ ನೋಡುತ್ತೇನೆ.

ಹಳ್ಳಿಗಳಿಂದ ಹಳೇ ಕಬ್ಬಿನ ಗಾಣದ ಭಾಗಗಳು ಬಂದಾಗ ಟ್ಯಾಪ್ ಮುಟ್ಟುವ ಮೊದಲು ಪಿಚ್ ಗೇಜ್ ತೆಗೆಯುತ್ತೇನೆ. 5/16 ಇಂಚಿನ ವಿಟ್‌ವರ್ತ್ (ಹಳೇ ಬ್ರಿಟಿಷ್ ಇಂಚಿನ ಅಳತೆಯ) ಬೋಲ್ಟ್ 7.94 ಎಂಎಂ. ಕಣ್ಣಿಗೆ ಥೇಟ್ ಎಂ8. ಆದರೆ ಇಂಚಿಗೆ 18 ಥ್ರೆಡ್, ಪಿಚ್ 1.41. ಎಂ8 ಬೋಲ್ಟ್ ಹಾಕಿದರೆ ಸ್ವಲ್ಪ ತಿರುಗಿ ಬಿಗಿದುಕೊಳ್ಳುತ್ತದೆ. ತಮಾಷೆ ಅಂದರೆ, ಆ ಟ್ಯಾಪಿಗೆ ಸರಿಯಾದ ಡ್ರಿಲ್ 6.5!

ಥ್ರೆಡ್ ಇಲ್ಲದೆ ಎಂ8 ಬೋಲ್ಟ್ ಸುಮ್ನೆ ದಾಟಿ ಹೋಗಬೇಕಾದರೆ 9ರ ಡ್ರಿಲ್. ಜೋಡಣೆ ಆಚೀಚೆ ಆಗಬಾರದು ಅನ್ನುವಲ್ಲಿ 8.4.

ಕಟ್ಟಿಗೆಯ ಸ್ಕ್ರೂಗೆ ನಾನು ಲೆಕ್ಕ ಹಾಕುವುದಿಲ್ಲ. ಡ್ರಿಲ್ಲನ್ನು ಸ್ಕ್ರೂ ಮುಂದೆ ಹಿಡಿದು ಬೆಳಕಿಗೆ ನೋಡುತ್ತೇನೆ. ನಡುವಿನ ದಂಡು ಮರೆಯಾಗಿ ಎರಡೂ ಕಡೆ ಥ್ರೆಡ್ ಮಾತ್ರ ಕಾಣಬೇಕು. ಸಾಗವಾನಿಗೆ ಅದೇ ಸೈಜ್, ಮೆತ್ತಗಿನ ಕಟ್ಟಿಗೆಗೆ ಒಂದು ಕೂದಲು ಸಣ್ಣದು. ಹಿತ್ತಾಳೆ ಸ್ಕ್ರೂ ಆದರೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆಯಿರಿ. ಆಮೇಲೆ ಸೋಪು ಸವರಿ ಹಿತ್ತಾಳೆಯದನ್ನು ತಿರುಗಿಸಿ. ಇಲ್ಲದಿದ್ದರೆ ತಲೆ ನಿಮ್ಮ ಕೈಗೆ ಬರುತ್ತದೆ, ಉಳಿದದ್ದು ಬಾಗಿಲಲ್ಲೇ.