ಸ್ಪ್ಯಾನಿಶ್ ಕಲಿಯೋಕೆ ಇಂಗ್ಲಿಷ್ ಯಾಕೆ, ‘ಅರ್ಧ ಕೆಜಿ ಹಾಕಿ’ ಸಾಕು

ಮ್ಯಾಡ್ರಿಡ್‌ಗೆ ಬಂದ ಹೊಸದ್ರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಸ್ಪ್ಯಾನಿಶನ್ನ ಇಂಗ್ಲಿಷ್ ಪುಸ್ತಕ ಇಟ್ಕೊಂಡು ಕಲಿಯೋಕೆ ಹೋಗಿದ್ದು. ಆ ಪುಸ್ತಕದಲ್ಲಿ ‘ನನಗೆ ಕಾಫಿ ಇಷ್ಟ’ ಅನ್ನೋ ಒಂದು ವಾಕ್ಯಕ್ಕೆ ಎರಡು ಪುಟ ವಿವರಣೆ, ಇಲ್ಲಿ ವಾಕ್ಯ ಉಲ್ಟಾ ಬರುತ್ತೆ ಹುಷಾರು ಅಂತ. ಸ್ಪ್ಯಾನಿಶ್‌ನಲ್ಲಿ ಅದು ‘ಮೆ ಗುಸ್ತಾ ಎಲ್ ಕಫೆ’. ಮೆ ಅಂದ್ರೆ ನನಗೆ, ಗುಸ್ತಾ ಅಂದ್ರೆ ಇಷ್ಟ ಆಗುತ್ತೆ, ಎಲ್ ಕಫೆ ಅಂದ್ರೆ ಕಾಫಿ. ಇದ್ರಲ್ಲಿ ಉಲ್ಟಾ ಏನು ಬಂತು, ನಮ್ಮನೇಲಿ ಎಲ್ರೂ ಹಾಗೇ ಅಲ್ವಾ ಮಾತಾಡೋದು! ಅವತ್ತಿಂದ ಆ ಪುಸ್ತಕ ಮುಚ್ಚಿಟ್ಟು ಕನ್ನಡದಿಂದ ನೇರವಾಗಿ ಹೋಗೋಕೆ ಶುರು ಮಾಡ್ದೆ. ಎಲ್ಲ ಕಡೆ ಈ ದಾರಿ ನಡೆಯಲ್ಲ, ಎಲ್ಲಿ ಕೈ ಕೊಡುತ್ತೆ ಅನ್ನೋದನ್ನೂ ಹೇಳ್ತೀನಿ.

ಮೊದಲು ಬಾಯಿ ಸರಿ ಮಾಡ್ಕೊಳ್ಳಿ. ಸ್ವರಗಳು ಐದೇ, ಅ ಎ ಇ ಒ ಉ, ಬರೆದಂಗೆ ಓದೋದು. ತ ಮತ್ತು ದ ನಮ್ಮವೇ, ಟ ಡ ಹೇಳ್ಬೇಡಿ. ಎಚ್ ಅಕ್ಷರಕ್ಕೆ ಸದ್ದೇ ಇಲ್ಲ, ವಿ ಕೂಡ ಬಿ ಥರಾನೇ ಕೇಳುತ್ತೆ. ಗ್ರಾಸಿಯಾಸ್, ಅಂದ್ರೆ ಥ್ಯಾಂಕ್ಸ್, ಅನ್ನೋದನ್ನ ಮ್ಯಾಡ್ರಿಡ್‌ನವ್ರು ನಾಲಿಗೆ ತುದೀನ ಹಲ್ಲಿನ ಮಧ್ಯ ಇಟ್ಟು ‘ಗ್ರಾಥಿಯಾಸ್’ ಅಂತಾರೆ, ಲ್ಯಾಟಿನ್ ಅಮೆರಿಕದಲ್ಲಿ ಸ ಅಂತ್ಲೇ ಹೇಳ್ತಾರೆ, ಯಾವುದಾದ್ರೂ ಒಂದು ಹಿಡ್ಕೊಳ್ಳಿ. ಇನ್ನು ನಮ್ಮ ವರ್ಣಮಾಲೇಲಿ ಕೆಲಸ ಇಲ್ದೆ ಕೂತಿರೋ ‘ಞ’ ಇದ್ಯಲ್ಲ, ಅದಕ್ಕೆ ಇಲ್ಲಿ ಭಾರೀ ಬೇಡಿಕೆ. ಎನ್ ಮೇಲೆ ಸಣ್ಣ ಅಲೆ ಇರೋ ಅಕ್ಷರ ಅದು, ಬಾಞೊ ಅಂದ್ರೆ ಬಾತ್‌ರೂಮು. ಆಞೊ ಅಂದ್ರೆ ವರ್ಷ. ಸ್ಪ್ಯಾನಿಶ್‌ನಲ್ಲಿ ವಯಸ್ಸು ಹೇಳೋವಾಗ ‘ನನ್ನ ಹತ್ರ ಇಷ್ಟು ವರ್ಷ ಇದೆ’ ಅಂತಾರೆ, ‘ತೆಂಗೊ ತ್ರೆಯಿಂತಾ ಇ ಕ್ವಾತ್ರೊ ಆಞೊಸ್’. ತೆಂಗೊ ಅಂದ್ರೆ ನನ್ನ ಹತ್ರ ಇದೆ, ತೆಂಗಿನಕಾಯಿ ಕೈಯಲ್ಲಿ ಹಿಡ್ಕೊಂಡಂಗೆ ಕಲ್ಪಿಸ್ಕೊಂಡ್ರೆ ಮರೆಯಲ್ಲ. ನಾನು ಒಂದ್ಸಲ ತರಕಾರಿ ಅಂಗಡಿ ಅಜ್ಜಿಗೆ ವಯಸ್ಸು ಹೇಳೋವಾಗ ಞ ಬದಲು ನ ಹಾಕಿ ಆನೊಸ್ ಅಂದುಬಿಟ್ಟೆ. ಅದರರ್ಥ ದೇಹದಲ್ಲಿ ಹೆಸರು ಹೇಳಬಾರದ ಒಂದು ಜಾಗ, ಅದು ನನಗೆ 34 ಇದೆ ಅಂದಂಗಾಯ್ತು. ಅಜ್ಜಿ ಕೈಲಿದ್ದ ಲೆಟ್ಯೂಸ್ ಕೆಳಗಿಟ್ಟು ನಕ್ಕಿದ್ದು ಇನ್ನೂ ಕಣ್ಮುಂದೆ ಇದೆ.

ಎರಡನೇದು, ಬಾರ್‌ಗೆ ಹೋಗಿ. ಹೆದರ್ಕೋಬೇಡಿ, ಸ್ಪೇನ್‌ನಲ್ಲಿ ಬಾರ್ ಅಂದ್ರೆ ಬೆಳಗ್ಗೆ ಕಾಫಿ ಕುಡಿಯೋ ಜಾಗಾನೂ ಹೌದು, ಹೆಚ್ಚೂಕಡಿಮೆ ನಮ್ಮ ದರ್ಶಿನಿ. ಅಲ್ಲಿ ಕಾಫಿ ಕೇಳೋದು ‘ಮೆ ಪೊನೆಸ್ ಉನ್ ಕಫೆ ಕೊನ್ ಲೆಚೆ’. ಪದಪದ ಬಿಡಿಸಿದ್ರೆ ‘ನಂಗೆ ಒಂದು ಹಾಲಿನ ಕಾಫಿ ಹಾಕ್ತೀಯಾ’ ಅಂತ! ನಾವು ದರ್ಶಿನೀಲಿ ‘ಎರಡು ಕಾಫಿ ಹಾಕಿ’ ಅನ್ನಲ್ವಾ, ಅದೇ ಹಾಕು. ಸಂತೆಯಲ್ಲೂ ಅದೇ, ‘ಪೊಂಗಾಮೆ ಮೆದಿಯೊ ಕಿಲೊ’ ಅಂದ್ರೆ ನಂಗೆ ಅರ್ಧ ಕೆಜಿ ಹಾಕಿ. ಆದ್ರೆ ಇದು ಸ್ಪೇನ್ ಮಾತು, ಮೆಕ್ಸಿಕೊ ಕಡೆ ಹೋದ್ರೆ ‘ಮೆ ದಾ’, ನಂಗೆ ಕೊಡ್ತೀರಾ ಅಂತ ಕೇಳಿ.

ಇಲ್ಲೇ ನೋಡಿ, ಪೊನೆಸ್ ಅಂದ್ರೆ ಹಾಕ್ತೀಯಾ, ಕೊನೇ ಸ್ ತೆಗೆದು ಪೊನೆ ಅಂದ್ರೆ ಹಾಕ್ತೀರಾ. ತು ಅಂದ್ರೆ ನೀನು, ಉಸ್ತೆದ್ ಅಂದ್ರೆ ನೀವು. ಉಸ್ತೆದ್ ಹುಟ್ಟಿದ್ದು ‘ಬುಎಸ್ತ್ರಾ ಮೆರ್ಥೆದ್’ ಅನ್ನೋ ಹಳೇ ಮಾತಿಂದ, ತಮ್ಮ ಕೃಪೆ ಅಂತ ಅರ್ಥ, ಅದಕ್ಕೇ ಅದರ ಜೊತೆ ಅವನು-ಅವಳು ಕ್ರಿಯಾಪದ ಬರುತ್ತೆ. ಎದುರಿಗೇ ನಿಂತು ‘ಯಜಮಾನ್ರು ಊಟ ಮಾಡ್ತಾರಾ’ ಅಂತ ಕೇಳೋರು ನಮ್ಮಲ್ಲೂ ಇದ್ದಾರಲ್ಲ, ಹಾಗೆ. ಮ್ಯಾಡ್ರಿಡ್‌ನಲ್ಲಿ ವೇಟರು, ನಿಮ್ಮ ವಾರಿಗೆಯವ್ರು ಎಲ್ಲ ತು, ವಯಸ್ಸಾದವ್ರಿಗೆ ಉಸ್ತೆದ್ ಅಂದ್ರೆ ಕ್ಷೇಮ.

ಕ್ರಿಯಾಪದದ ಬಾಲಗಳಿಗೆ ಇಂಗ್ಲಿಷ್‌ನವ್ರು ಒದ್ದಾಡ್ತಾರೆ, ನಮಗೆ ಅದು ಹುಟ್ಟಿನಿಂದ ಬಂದಿದ್ದು. ಮಾತಾಡ್ತೀನಿ ಅಂದ್ರೆ ನಾನು ಅಂತ ಬೇರೆ ಹೇಳ್ಬೇಕಾ? ಆಬ್ಲೊ ಮಾತಾಡ್ತೀನಿ, ಆಬ್ಲಾಸ್ ಮಾತಾಡ್ತೀಯ, ಆಬ್ಲಾ ಮಾತಾಡ್ತಾನೆ ಅಥವಾ ಮಾತಾಡ್ತಾಳೆ, ಆಬ್ಲಾಮೊಸ್ ಮಾತಾಡ್ತೀವಿ, ಆಬ್ಲಾನ್ ಮಾತಾಡ್ತಾರೆ. ಸ್ನೇಹಿತರ ಗುಂಪಿಗೆ ಸ್ಪೇನ್‌ನಲ್ಲಿ ಆಬ್ಲಾಯ್ಸ್ ಅಂತ ಇನ್ನೊಂದಿದೆ. ನಾನು ಅನ್ನೋಕೆ ‘ಯೊ’ ಇದೆ, ಪ್ರತಿ ವಾಕ್ಯಕ್ಕೂ ಅದನ್ನ ಹಚ್ಚಿದ್ರೆ ‘ನಾನಾದ್ರೆ’ ‘ನಾನೇ’ ಅಂತ ಜಂಭ ಕೊಚ್ಕೊಂಡಂಗೆ ಕೇಳುತ್ತೆ, ಬಿಟ್ಟುಬಿಡಿ.

ಈಗ ಎಲ್ರೂ ಹೆದರೋ ಸೇರ್ ಮತ್ತು ಎಸ್ತಾರ್, ‘ಆಗಿರು’, ‘ಇರು’ ಅನ್ನೋ ಅರ್ಥದ ಎರಡು ಕ್ರಿಯಾಪದ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ ಆಗಿರೋದ್ರಿಂದ ಗಲಾಟೆ. ಕನ್ನಡದಲ್ಲಿ ಹೇಳಿ ನೋಡಿ: ‘ನಾನು ಟೀಚರ್’, ಇಲ್ಲಿ ಕ್ರಿಯಾಪದಾನೇ ಇಲ್ಲ, ಅಲ್ಲಿ ಸೇರ್, ‘ಸೊಯ್ ಪ್ರೊಫೆಸೊರಾ’. ‘ನಾನು ಮನೇಲಿದ್ದೀನಿ’, ಇದ್ದೀನಿ ಬಂತು, ಅಲ್ಲಿ ಎಸ್ತಾರ್, ‘ಎಸ್ತೊಯ್ ಎನ್ ಕಾಸಾ’. ಸುಸ್ತಾಗಿದೆ, ಬಾಗಿಲು ತೆಗೆದಿದೆ ಇವೆಲ್ಲ ಎಸ್ತಾರ್. ಆದ್ರೆ ಇದನ್ನೇ ಪೂರ್ತಿ ನಂಬ್ಕೊಂಡು ಕೂರ್ಬೇಡಿ, ‘ಅವನು ಎತ್ತರ ಇದ್ದಾನೆ’ ಅಂತೀವಿ, ಅಲ್ಲಿ ಸೇರ್ ಬರುತ್ತೆ ಯಾಕಂದ್ರೆ ಎತ್ತರ ಅವನ ಗುಣ, ನಾಳೆ ಕಮ್ಮಿ ಆಗಲ್ಲ. ಮತ್ತೆ ‘ಇಲ್ಲಿ ಬಾತ್‌ರೂಮ್ ಇದ್ಯಾ’ ಅಂತ ಇದೆಯೋ ಇಲ್ವೋ ಕೇಳೋದಾದ್ರೆ ‘ಆಯ್ ಬಾಞೊ’, ಇದೆ ಅಂತ ಗೊತ್ತು, ಎಲ್ಲಿದೆ ಅಂತ ಕೇಳೋದಾದ್ರೆ ‘ದೊಂದೆ ಎಸ್ತಾ ಎಲ್ ಬಾಞೊ’.

ನಾನು ‘ಬೋರ್ ಆಗ್ತಿದೆ’ ಅನ್ನೋಕೆ ‘ಎಸ್ತೊಯ್ ಅಬುರ್ರಿದಾ’ ಬದಲು ‘ಸೊಯ್ ಅಬುರ್ರಿದಾ’ ಅಂತ ಎಷ್ಟೋ ದಿನ ಹೇಳ್ಕೊಂಡು ಓಡಾಡಿದ್ದೀನಿ. ಅರ್ಥ, ನಾನೇ ಒಂದು ಬೋರು. ಯಾರೂ ತಿದ್ದಲಿಲ್ಲ, ಅದು ಯಾಕೆ ಅಂತ ನಾನು ಕೇಳೋಕೂ ಹೋಗ್ಲಿಲ್ಲ.

ಆಮೇಲೆ ಮಾರ್ಕೆಟ್. ನನ್ನ ಪಾಠಶಾಲೆ ಆಂತೋನ್ ಮಾರ್ತೀನ್ ಮಾರ್ಕೆಟ್. ಕ್ಯೂ ಅಂತ ಕಾಣಲ್ಲ, ಎಲ್ರೂ ಅಲ್ಲಲ್ಲೇ ನಿಂತಿರ್ತಾರೆ, ಹೋದ ತಕ್ಷಣ ‘ಕಿಯೆನ್ ಎಸ್ ಎಲ್ ಊಲ್ತಿಮೊ’, ಕೊನೆಯವ್ರು ಯಾರು ಅಂತ ಕೇಳ್ಬೇಕು, ಯಾರೋ ‘ಯೊ’ ಅಂತಾರೆ, ಅವರ ನಂತರ ನೀವು. ಕನ್ನಡ ನಮಗೆ ಕೈ ಕೊಡೋದು ಈ ಮಾರ್ಕೆಟ್‌ನಲ್ಲೇ, ಪದಗಳ ಗಂಡು ಹೆಣ್ಣಿನ ವಿಷಯದಲ್ಲಿ. ನಮ್ಮಲ್ಲಿ ಗಂಡು ಹೆಣ್ಣು ಜನಕ್ಕೆ, ದೇವರಿಗೆ, ವಸ್ತುಗಳೆಲ್ಲ ‘ಅದು’. ಇಲ್ಲಿ ಈರುಳ್ಳಿ ಹೆಣ್ಣು, ಲಾ ಥೆಬೊಯಾ. ಟೊಮ್ಯಾಟೊ ಗಂಡು, ಎಲ್ ತೊಮಾತೆ. ಉಪ್ಪು ಹೆಣ್ಣು, ಅಕ್ಕಿ ಗಂಡು, ಹಾಲು ಹೆಣ್ಣು, ಚಾಕು ಗಂಡು, ಚಮಚ ಹೆಣ್ಣು, ಇದಕ್ಕೆ ತರ್ಕ ಹುಡುಕಬೇಡಿ. ಸಾಮಾನ್ಯವಾಗಿ ಒ ಇಂದ ಮುಗಿದ್ರೆ ಗಂಡು, ಆ ಇಂದ ಮುಗಿದ್ರೆ ಹೆಣ್ಣು, ಆದ್ರೆ ಕೈ ಅನ್ನೋ ಮಾನೊ ಹೆಣ್ಣು, ದಿನ ಅನ್ನೋ ದಿಯಾ ಗಂಡು. ಗುಣವಾಚಕಾನೂ ಜೊತೆಗೆ ಬದಲಾಗುತ್ತೆ, ಅದೂ ನಾಮಪದ ಆದ್ಮೇಲೆ ಬರುತ್ತೆ: ಕೆಂಪು ಸೇಬುಗಳು ‘ಲಾಸ್ ಮಾನ್ಥಾನಾಸ್ ರೊಹಾಸ್’, ಅಂದ್ರೆ ಸೇಬುಗಳು ಕೆಂಪುಗಳು. ನಾನು ಮಾಡಿದ್ದು ಇಷ್ಟೇ, ಅಡುಗೆಮನೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ, ಹೆಣ್ಣಿಗೆ ಅರಿಶಿನ ಬಣ್ಣದ ಚೀಟಿ, ಗಂಡಿಗೆ ನೀಲಿ, ಮತ್ತೆ ಬರೀ ‘ಸಾಲ್’ ಅಂತ ಬರೀದೆ ‘ಲಾ ಸಾಲ್’ ಅಂತ್ಲೇ ಬರೆದೆ. ಎಲ್, ಲಾ ಬಿಟ್ಟು ಪದ ಕಲಿತ್ರೆ ಆಮೇಲೆ ಎರಡನೇ ಸಲ ಕಲೀಬೇಕಾಗುತ್ತೆ.

ಫಾರ್ಮಸಿ ಸುಲಭ, ಹಸಿರು ಪ್ಲಸ್ ಲೈಟ್ ಹುಡುಕಿ ಒಳಗೆ ಹೋಗಿ ‘ಮೆ ದುಎಲೆ ಲಾ ಗರ್ಗಾಂತಾ’ ಅನ್ನಿ, ನಂಗೆ ಗಂಟಲು ನೋಯುತ್ತೆ. ಮತ್ತೆ ಅದೇ ‘ನಂಗೆ’. ಒಂದೇ ಎಚ್ಚರಿಕೆ, ‘ಕೊನ್ಸ್ತಿಪಾದೊ’ ಅಂದ್ರೆ ಸ್ಪೇನ್‌ನಲ್ಲಿ ನೆಗಡಿ, ಇಂಗ್ಲಿಷ್ ನೆನೆಸ್ಕೊಂಡು ಮಲಬದ್ಧತೆಗೆ ಅದನ್ನ ಹೇಳಿದ್ರೆ ಮೂಗಿನ ಸ್ಪ್ರೇ ಕೊಟ್ಟು ಕಳಿಸ್ತಾರೆ.

ಭವಿಷ್ಯಕ್ಕೆ ಸದ್ಯ ‘ಬೊಯ್ ಆ’ ಒಂದು ಸಾಕು, ‘ಬೊಯ್ ಆ ಕೊಂಪ್ರಾರ್’ ಅಂದ್ರೆ ತಗೋತೀನಿ. ಭೂತಕಾಲದಲ್ಲಿ ಎರಡು ಮೂರು ಥರ ಇದೆ, ಎಲ್ಲ ಒಟ್ಟಿಗೆ ಬೇಡ, ‘ಎ ಕೊಮಿದೊ’ ಇಂದ ಶುರು ಮಾಡಿ, ತಿಂದಿದ್ದೀನಿ ಅಂತ. ಎದುರಿನವ್ರಿಗೆ ಗೌರವವಾಗಿ ಕೇಳೋದಾದ್ರೆ ‘ಆ ಕೊಮಿದೊ’. ಇದು ಬಂದ ದಿನ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಲಿಫ್ಟ್‌ನಲ್ಲಿ ಸಿಕ್ಕ ಎದುರುಮನೆ ಆಂಟಿಗೆ ಊರಲ್ಲಿ ಕೇಳೋ ಥರ ‘ಆ ಕೊಮಿದೊ’ ಅಂದುಬಿಟ್ಟೆ, ಊಟ ಆಯ್ತಾ. ಗಂಟೆ ಮಧ್ಯಾಹ್ನ ಎರಡೂವರೆ, ಅವ್ರ ಊಟದ ಹೊತ್ತೇ. ಆಂಟಿ ಒಂದ್ಕ್ಷಣ ನನ್ನ ಮುಖ ನೋಡಿ, ಇನ್ನೂ ಇಲ್ಲಮ್ಮ, ಏನು ಮಾಡಿದ್ದೀಯ ಅಂದ್ರು. ಸದ್ಯ ಚಿತ್ರಾನ್ನ ಇತ್ತು.