ಆಮೆ ಚಿಪ್ಪಿನ ಪಳೆಯುಳಿಕೆ ಯಾವ ಗುಂಪಿಂದು ಅಂತ ಕಂಡುಹಿಡಿಯೋದು ಹೇಗೆ?

ಹಳೇ ನದಿ, ಕೆರೆಗಳ ಹೂಳು ಕಲ್ಲಾಗಿರೋ ಪದರಗಳಲ್ಲಿ ಬೇರೆ ಪ್ರಾಣಿ ಸಿಗ್ಲಿ ಬಿಡ್ಲಿ, ಆಮೆ ಚಿಪ್ಪಿನ ಚೂರಂತೂ ಸಾಮಾನ್ಯವಾಗಿ ಸಿಗತ್ತೆ. ಒಂದು ಆಮೆ ಚಿಪ್ಪಲ್ಲೇ ಸುಮಾರು 60 ಮೂಳೆ ಫಲಕ ಇರತ್ತೆ, ಅದೂ ದಪ್ಪ, ಗಟ್ಟಿ, ಹಾಗಾಗಿ ಉಳ್ಕೊಳತ್ತೆ. ತಲೆಬುರುಡೆ ಸಿಗೋದು ತೀರಾ ಅಪರೂಪ. ಅದು ಸಿಗ್ಲಿ ಆಮೇಲೆ ನೋಡೋಣ ಅಂತ ಕಾಯ್ತಾ ಕೂತ್ರೆ ಕೆಲಸ ಆಗಲ್ಲ, ಚಿಪ್ಪಿಂದಲೇ ಗುಂಪು ಗುರುತಿಸೋದನ್ನ ಕಲೀಬೇಕು.

ಮೊದಲು ಇದು ಆಮೆದೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ಮುರಿದಿರೋ ಅಂಚನ್ನ ಭೂತಗನ್ನಡಿಯಲ್ಲಿ ನೋಡಿದ್ರೆ ಮೇಲೆ ಕೆಳಗೆ ಒತ್ತಾದ ಮೂಳೆ, ನಡುವೆ ಸ್ಪಂಜಿನಂಥ ರಂಧ್ರದ ಮೂಳೆ ಕಾಣತ್ತೆ. ಮೊಸಳೆ ಬೆನ್ನಿನ ಫಲಕದಲ್ಲೂ ಗುಳಿಗಳಿರೋದ್ರಿಂದ ಗೊಂದಲ ಆಗತ್ತೆ, ಅದಕ್ಕೇ ಚೂರನ್ನ ತಿರುಗಿಸಿ ಒಳಮೈ ನೋಡಿ. ಆಮೆಯ ಬೆನ್ನುಚಿಪ್ಪಿನ ಕಾಸ್ಟಲ್ ಫಲಕದ (ನಡುಸಾಲಿನ ಪಕ್ಕದಲ್ಲಿರೋ ಫಲಕ) ಒಳಗೆ ಪಕ್ಕೆಲುಬು ಬೆಸೆದುಕೊಂಡಿರತ್ತೆ, ಉದ್ದಕ್ಕೂ ಒಂದು ಉಬ್ಬು ಕಾಣತ್ತೆ. ಮೊಸಳೆ ಫಲಕದಲ್ಲಿ ಅದು ಇರಲ್ಲ.

ಇನ್ನು ಮುಖ್ಯವಾದ ವಿಷಯ. ಚಿಪ್ಪಿನ ಮೇಲೆ ಎರಡು ಬೇರೆ ಬೇರೆ ಗೆರೆ ಜಾಲ ಇರತ್ತೆ, ಹೊಸಬರು ಇದನ್ನ ಒಂದೇ ಅಂದ್ಕೊಂಡ್ರೆ ಮುಂದಿನದ್ದೆಲ್ಲ ತಪ್ಪಾಗತ್ತೆ. ಒಂದು ಸೂಚರ್, ಅಂದ್ರೆ ಎರಡು ಮೂಳೆ ಫಲಕ ಸೇರೋ ಜಾಗ, ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿದ್ದು ಮೂಳೆಯ ಪೂರ್ತಿ ದಪ್ಪಕ್ಕೂ ಇಳಿದಿರತ್ತೆ. ಇನ್ನೊಂದು ಸಲ್ಕಸ್, ಇದು ಮೂಳೆ ಮೇಲೆ ಕೂತಿದ್ದ ಕೆರಾಟಿನ್ (ನಮ್ಮ ಉಗುರಲ್ಲಿರೋ ವಸ್ತು) ಹೊದಿಕೆಯ ತುಂಡುಗಳ ಅಂಚು ಬಿಟ್ಟ ಗುರುತು, ಮೇಲ್ಮೈಯಲ್ಲಿ ಮಾತ್ರ ಇರೋ ನಯವಾದ ತೋಡು. ಕೆರಾಟಿನ್ ಸಾಮಾನ್ಯವಾಗಿ ಉಳಿಯಲ್ಲ, ತೋಡು ಉಳಿಯತ್ತೆ. ಟಾರ್ಚನ್ನ ಪಕ್ಕದಿಂದ ತೀರಾ ಓರೆಯಾಗಿ ಹಿಡಿದು ನೋಡಿ, ನೇರ ಬೆಳಕಲ್ಲಿ ಕಾಣದ ಸಲ್ಕಸ್ ನೆರಳಿಂದ ಎದ್ದು ಕಾಣತ್ತೆ. ಆಮೇಲೆ ಕಾಗದದ ಮೇಲೆ ಸೂಚರ್ ಒಂದು ಬಣ್ಣದಲ್ಲಿ, ಸಲ್ಕಸ್ ಇನ್ನೊಂದು ಬಣ್ಣದಲ್ಲಿ ಬರೆದುಕೊಳ್ಳಿ.

ಈಗ ಆ ಚೂರು ಚಿಪ್ಪಿನ ಯಾವ ಜಾಗದ್ದು ಅಂತ ಹುಡುಕಬೇಕು. ಬೆನ್ನಿನ ನಡುಸಾಲಲ್ಲಿ ನ್ಯೂರಲ್ ಫಲಕಗಳು, ಸಾಮಾನ್ಯವಾಗಿ 8, ಅವುಗಳ ಎರಡೂ ಪಕ್ಕ 8 ಜೊತೆ ಕಾಸ್ಟಲ್, ಅಂಚಲ್ಲಿ ಹೆಚ್ಚಿನ ಗುಂಪುಗಳಲ್ಲಿ 11 ಜೊತೆ ಪೆರಿಫೆರಲ್, ಮುಂದೆ ಕುತ್ತಿಗೆ ಮೇಲೆ ಒಂದು ನ್ಯೂಕಲ್. ಇಲ್ಲಿ ಬಹಳ ಉಪಯೋಗಕ್ಕೆ ಬರೋ ಒಂದು ಗುರುತಿದೆ: ಕಾಸ್ಟಲ್ ಮೇಲೆ ನಡುವಿಂದ ಹೊರ ಅಂಚಿನ ತನಕ ಹೋಗೋ ಸಲ್ಕಸ್ ಇದ್ರೆ ಅದು ಸಾಮಾನ್ಯವಾಗಿ ಮುಂದಿನಿಂದ ಎಣಿಸಿದ್ರೆ 2, 4 ಅಥವಾ 6ನೇ ಕಾಸ್ಟಲ್. ಬೆನ್ನಿನ ನಡುವಿನ ಹೊದಿಕೆ ತುಂಡುಗಳು ಒಂದಕ್ಕೊಂದು ತಾಗೋ ಗೆರೆಗಳು 1, 3, 5, 8ನೇ ನ್ಯೂರಲ್‌ಗಳನ್ನ ದಾಟತ್ತೆ. ಹೀಗಾಗಿ ಕೈಯಲ್ಲಿರೋದು ಒಂದೇ ಫಲಕ ಆದ್ರೂ ಅದರ ಜಾಗವನ್ನ ಎಷ್ಟೋ ಸಲ ಹೇಳಿಬಿಡಬಹುದು, ಜಾಗ ಗೊತ್ತಾಗದೆ ಬೇರೆ ಆಮೆ ಜೊತೆ ಹೋಲಿಸೋಕೆ ಹೋದ್ರೆ ಅರ್ಥ ಇಲ್ಲ.

ಸೂಚರ್ ಇದೆ, ಸಲ್ಕಸ್ ಒಂದೂ ಇಲ್ಲ, ಮೇಲ್ಮೈ ತುಂಬಾ ಗುಳಿ ಮತ್ತು ಏಣುಗಳು, ಹೀಗಿದ್ರೆ ಮೊದಲು ಮೆದುಚಿಪ್ಪಿನ ಆಮೆಗಳ ಕುಟುಂಬ ಟ್ರಯೋನಿಕಿಡೆ ಕಡೆ ನೋಡಿ. ಇವಕ್ಕೆ ಕೆರಾಟಿನ್ ತುಂಡುಗಳ ಬದಲು ಚರ್ಮದ ಹೊದಿಕೆ. ಪೆರಿಫೆರಲ್ ಸಾಲೂ ಇಲ್ಲದೆ ಇರೋದ್ರಿಂದ ಕಾಸ್ಟಲ್‌ನ ಹೊರ ತುದಿಯಲ್ಲಿ ಪಕ್ಕೆಲುಬು ಫಲಕದಿಂದ ಆಚೆ ಚಾಚಿಕೊಂಡಿರತ್ತೆ. ಭಾರತ ಉಪಖಂಡದ ಲಿಸ್ಸೆಮಿಸ್ ಆಮೆಗೆ ಮಾತ್ರ ಹಿಂಭಾಗದ ಅಂಚಲ್ಲಿ ಸಣ್ಣ ಮೂಳೆಗಳಿವೆ. ನ್ಯೂಗಿನಿ ಮತ್ತು ಉತ್ತರ ಆಸ್ಟ್ರೇಲಿಯಾದ ಹಂದಿಮೂತಿ ಆಮೆಗೂ ಚರ್ಮದ್ದೇ ಹೊದಿಕೆ, ಆದ್ರೆ ಅದಕ್ಕೆ ಪೆರಿಫೆರಲ್ ಇದೆ. ಅದಕ್ಕೇ ಅಂಚಿನ ಚೂರು ಸಿಗೋ ತನಕ ತೀರ್ಮಾನಕ್ಕೆ ಬರಬೇಡಿ.

ಸಲ್ಕಸ್ ಇದೆ ಅಂದ್ರೆ ಹೊಟ್ಟೆ ಚಿಪ್ಪಿನ ತುಂಡು ಹುಡುಕಿ. ನನ್ನ ಪ್ರಕಾರ ಇಡೀ ಚಿಪ್ಪಲ್ಲಿ ಜಾಸ್ತಿ ಮಾಹಿತಿ ಕೊಡೋ ಭಾಗ ಇದೇ, ಆದ್ರೂ ಸುಮಾರು ಜನ ಬೆನ್ನಿನ ಭಾಗ ಚೆಂದ ಕಾಣತ್ತೆ ಅಂತ ಅದರ ಹಿಂದೇನೇ ಹೋಗ್ತಾರೆ. ಹೊಟ್ಟೆ ಚಿಪ್ಪಿನ ಕೊನೆ ಫಲಕ ಕ್ಸಿಫಿಪ್ಲಾಸ್ಟ್ರಾನ್ ಸಿಕ್ರೆ ಒಳಮೈ ನೋಡಿ, ಅಲ್ಲಿ ಸೊಂಟದ ಮೂಳೆ ಬೆಸೆದುಕೊಂಡಿದ್ದ ಒರಟು ಗಾಯದಂಥ ಗುರುತು ಇದ್ರೆ ಅದು ಕುತ್ತಿಗೆಯನ್ನ ಪಕ್ಕಕ್ಕೆ ಮಡಚೋ ಪ್ಲುರೊಡೈರಾ ಗುಂಪಿನ ಆಮೆ. ಕುತ್ತಿಗೆ ನೇರ ಒಳಗೆಳೆಯೋ ಕ್ರಿಪ್ಟೊಡೈರಾದಲ್ಲಿ ಸೊಂಟ ಚಿಪ್ಪಿಗೆ ಹೀಗೆ ಬೆಸೆದುಕೊಳ್ಳಲ್ಲ. ಪ್ಲುರೊಡೈರಾದಲ್ಲೂ ಹೊಟ್ಟೆ ಚಿಪ್ಪಿನ ಪಕ್ಕದಲ್ಲಿ ಮೀಸೊಪ್ಲಾಸ್ಟ್ರಾನ್ ಅನ್ನೋ ಸಣ್ಣ ದುಂಡು ಫಲಕ ಇದ್ರೆ, ಜೊತೆಗೆ ನ್ಯೂಕಲ್‌ನ ಮುಂದಿನ ಅಂಚಲ್ಲಿ ಚಿಕ್ಕ ಹೊದಿಕೆ ತುಂಡಿನ ಗುರುತು ಇಲ್ಲದೆ ಇದ್ರೆ, ಅದರೊಳಗಿನ ಪೆಲೊಮೆಡುಸಾಯ್ಡಿಸ್ ಅನ್ನೋ ಉಪಗುಂಪಿನ ಕಡೆಗೆ ವಾಲಬಹುದು. ಅದೇ ಮೀಸೊಪ್ಲಾಸ್ಟ್ರಾನ್ ನಡುಗೆರೆ ತನಕ ಚಾಚಿದ್ದು, ಕಲ್ಲು ಉತ್ತರ ಅಮೆರಿಕದ ಕ್ರಿಟೇಷಿಯಸ್‌ನಿಂದ ಇಯೊಸೀನ್ ಕಾಲದ (ಸುಮಾರು 14.5 ಕೋಟಿಯಿಂದ 3.4 ಕೋಟಿ ವರ್ಷ ಹಿಂದಿನ) ಒಳಗಿನದು ಅಂತಾದ್ರೆ ಪ್ಲುರೊಡೈರಾ ಅಲ್ಲದ ಬೆಯ್ನಿಡೆ ಕುಟುಂಬ ಪರಿಶೀಲಿಸಿ. ಬೆಯ್ನಿಡೆಯ ಬೆಳೆದ ಆಮೆಗಳಲ್ಲಿ ಸೂಚರ್‌ಗಳು ಬೆಸೆದು ಮಾಯವಾಗಿರೋದುಂಟು, ಆಗ ಸಲ್ಕಸ್ ಮಾತ್ರ ಉಳಿದಿರತ್ತೆ.

ಹೊಟ್ಟೆ ಚಿಪ್ಪು ಚಿಕ್ಕದಾಗಿ ಶಿಲುಬೆ ಆಕಾರದಲ್ಲಿದ್ರೆ ಮೊದಲು ಚೆಲಿಡ್ರಿಡೆ, ಅಂದ್ರೆ ಕಚ್ಚೋ ಆಮೆಗಳ ಕುಟುಂಬದ ಕಡೆ ನೋಡಿ.

ಕೆರೆ ಆಮೆಗೂ ನೆಲದ ಆಮೆಗೂ ವ್ಯತ್ಯಾಸ ನೋಡೋಕೆ ಕಾಸ್ಟಲ್‌ಗಳನ್ನ ಗಮನಿಸಿ. ನೆಲದ ಆಮೆಗಳಲ್ಲಿ ಅವು ಒಂದು ಬಿಟ್ಟು ಒಂದು ಬೆಣೆ ಆಕಾರದಲ್ಲಿರತ್ತೆ, ಒಂದು ಒಳತುದಿಯಲ್ಲಿ ಅಗಲ, ಮುಂದಿನದು ಹೊರತುದಿಯಲ್ಲಿ ಅಗಲ. ಅಂಚಿನ ಸಲ್ಕಸ್ ಕೂಡ ಕಾಸ್ಟಲ್ ಪೆರಿಫೆರಲ್ ನಡುವಿನ ಸೂಚರ್ ಮೇಲೇನೇ ಬೀಳೋದು ಜಾಸ್ತಿ. ನದಿ ಪದರದಲ್ಲಿ ಸಿಕ್ತು ಅಂದ ಮಾತ್ರಕ್ಕೆ ಅದು ಸಿಹಿನೀರಿನ ಆಮೆನೇ ಆಗಬೇಕು ಅಂತಿಲ್ಲ, ಪ್ರವಾಹ ನೆಲದ ಆಮೆಯನ್ನೂ ಕೊಚ್ಚಿಕೊಂಡು ಬರತ್ತೆ.

ಹೆಸರು ಇಡೋ ಮುಂಚೆ ವಯಸ್ಸು ಮತ್ತು ಲಿಂಗದ ಯೋಚನೆ ಮಾಡಲೇಬೇಕು. ಮರಿಗಳಲ್ಲಿ ಕಾಸ್ಟಲ್ ಮತ್ತು ಪೆರಿಫೆರಲ್ ನಡುವೆ ತೆರೆದ ಕಿಂಡಿ ಇರತ್ತೆ, ಅದನ್ನ ಹೊಸ ಪ್ರಭೇದದ ಲಕ್ಷಣ ಅಂದ್ಕೋಬಾರದು. ಅನೇಕ ಜಾತಿಗಳಲ್ಲಿ ಗಂಡಿನ ಹೊಟ್ಟೆ ಚಿಪ್ಪು ಒಳಕ್ಕೆ ತಗ್ಗಾಗಿರತ್ತೆ. ವೆನೆಜುವೆಲಾದ ಉರುಮಾಕೊದಲ್ಲಿ ಸಿಕ್ಕಿರೋ ಸ್ಟುಪೆಂಡಮಿಸ್‌ನೇ ನೋಡಿ, 1976ರಲ್ಲಿ ಹೆಸರಿಟ್ಟ ಈ ದೈತ್ಯ ಆಮೆಯ ಚಿಪ್ಪು 2.4 ಮೀಟರ್ ತನಕ ಬೆಳೀತಿತ್ತು ಅಂತ 2020ರ ಅಧ್ಯಯನದಲ್ಲಿ ಬಂತು. ಕೆಲವು ಚಿಪ್ಪುಗಳ ಮುಂದಿನ ಅಂಚಲ್ಲಿ ಕೊಂಬು, ಕೆಲವದರಲ್ಲಿ ಇಲ್ಲ, ಆದ್ರೆ ಸಂಶೋಧಕರು ಎರಡು ಪ್ರಭೇದ ಮಾಡದೆ ಕೊಂಬಿರೋದು ಗಂಡು ಅಂತ ತೀರ್ಮಾನಿಸಿದ್ರು.

ಹೆಸರನ್ನ ಎಲ್ಲಿಗೆ ನಿಲ್ಲಿಸಬೇಕು ಅನ್ನೋದೂ ಈ ಕೆಲಸದ ಭಾಗವೇ. ಹಿಂದೆ ಮೆದುಚಿಪ್ಪಿನ ಚೂರು ಎಲ್ಲೇ ಸಿಕ್ಕಿದ್ರೂ ಟ್ರಯೋನಿಕ್ಸ್ ಅನ್ನೋ ಒಂದೇ ಕುಲಕ್ಕೆ ಸೇರಿಸಿಬಿಡ್ತಿದ್ರು, ಬರೀ ಗುಳಿಗಳ ವಿನ್ಯಾಸ ನೋಡಿ ಪ್ರಭೇದ ಮಾಡಿದ್ದೂ ಇದೆ. ಆದ್ರೆ ಆ ವಿನ್ಯಾಸ ಒಂದೇ ಆಮೆಯ ಚಿಪ್ಪಲ್ಲೇ ಜಾಗದಿಂದ ಜಾಗಕ್ಕೆ ಬದಲಾಗತ್ತೆ. ಹಾಗಾಗಿ ಒಂದು ಕಾಸ್ಟಲ್ ತುಂಡು ಮಾತ್ರ ಇದ್ರೆ ‘ಟ್ರಯೋನಿಕಿಡೆ, ಕುಲ ಅನಿಶ್ಚಿತ’ ಅಂತ ಬರೆದು ನಿಲ್ಲಿಸಿ. ಜೊತೆಗೆ ಹೊರಮೈ, ಒಳಮೈ, ಅಂಚು ಮೂರರ ಫೋಟೋನೂ ಸ್ಕೇಲ್ ಇಟ್ಟು ತೆಗೆದಿಡಿ, ಯಾವ ಪದರದಲ್ಲಿ ಸಿಕ್ತು, ಪಕ್ಕದಲ್ಲಿ ಇನ್ನೇನಿತ್ತು ಅನ್ನೋದನ್ನ ಅಲ್ಲೇ ಬರೆದುಕೊಳ್ಳಿ. ಅದೇ ಆಮೆಯ ಉಳಿದ ಫಲಕಗಳು ಮುಂದೆ ಯಾರಿಗಾದ್ರೂ ಸಿಕ್ರೆ ಸೂಚರ್‌ಗೆ ಸೂಚರ್ ಹೊಂದಿಸಿ ನೋಡೋಕೆ ಆ ದಾಖಲೆ ಬೇಕೇ ಬೇಕು.