ಕನಸಿನಲ್ಲಿ ಜಡ್ಜ್ ಬಂದರೆ: ಅರ್ಥ ಬಿಡಿಸುವ ಕ್ರಮ

ಅರ್ಥದ ಮಾತು ಆಮೇಲೆ. ಮೊದಲು ಬರೆದಿಡಿ. ಎದ್ದು ಕಾಫಿ ಕುಡಿದು ಬರುವಷ್ಟರಲ್ಲಿ ಕನಸಿನ ಅರ್ಧ ಹೋಗಿರುತ್ತದೆ, ಉಳಿದರ್ಧಕ್ಕೆ ಮನಸ್ಸು ತನಗೆ ತೋಚಿದಂತೆ ತೇಪೆ ಹಾಕಿರುತ್ತದೆ. ಹಾಸಿಗೆಯ ಮೇಲೇ ನಾಲ್ಕು ಸಂಗತಿ ಗುರುತು ಮಾಡಿಕೊಳ್ಳಿ. ಜಡ್ಜ್ ಗುರುತಿನವರೋ ಅಪರಿಚಿತರೋ? ನೀವು ನಿಂತದ್ದು ಎಲ್ಲಿ: ಕಟಕಟೆಯಲ್ಲೋ, ಸಾಕ್ಷಿಯಾಗಿಯೋ, ಹಿಂದಿನ ಬೆಂಚಿನಲ್ಲೋ, ಅಥವಾ ಜಡ್ಜ್ ಕುರ್ಚಿಯಲ್ಲೇ ಕೂತಿದ್ದಿರೋ? ಆರೋಪ ಏನೆಂದು ಓದಿ ಹೇಳಿದರೋ? ತೀರ್ಪು ಬಂತೋ, ವಾಯಿದೆಗೆ ಹೋಯಿತೋ? ಕೆಳಗೊಂದು ಗೆರೆ ಎಳೆದು ಹಿಂದಿನ ದಿನ ಏನು ನಡೆಯಿತು ಎಂದೂ ಬರೆಯಿರಿ.

ಈ ಕೊನೆಯದನ್ನು ಬಿಟ್ಟವರೇ ಹೆಚ್ಚು ಎಡವುತ್ತಾರೆ. ನಾಳೆ ಹಿಯರಿಂಗ್ ಇರುವವರ ಕನಸಿಗೆ ಜಡ್ಜ್ ಬಂದರೆ ಅದರಲ್ಲಿ ಶಕುನ ಹುಡುಕುವುದಕ್ಕೇನೂ ಇಲ್ಲ. ಆಯುರ್ವೇದದ ಹಳೆಯ ಗ್ರಂಥ ಚರಕಸಂಹಿತೆಯ ಇಂದ್ರಿಯಸ್ಥಾನ ಎಂಬ ಭಾಗ ಕನಸುಗಳನ್ನು ಏಳು ಬಗೆ ಮಾಡುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ವಾತ-ಪಿತ್ತ-ಕಫಗಳ ದೋಷದಿಂದ ಹುಟ್ಟಿದ್ದು. ಮೊದಲ ಐದಕ್ಕೂ ಫಲವಿಲ್ಲ ಎಂದು ಅದೇ ಗ್ರಂಥ ಕೈತೊಳೆದುಕೊಳ್ಳುತ್ತದೆ. ಹಿಂದಿನ ದಿನದ ಚೂರುಗಳು ಕನಸಿಗೆ ಸರಕಾಗುತ್ತವೆ ಎಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಕೂಡ ಹೇಳಿದ. ಆದರೆ ಆತ ಅಲ್ಲಿಗೇ ನಿಲ್ಲಲಿಲ್ಲ, ಆ ಸರಕನ್ನು ಬಳಸಿಕೊಂಡು ಕನಸು ಏನನ್ನು ಮರೆಮಾಡುತ್ತಿದೆ ಎಂದು ಕೇಳಿದ.

ಮಾದರಿಗೆ ಒಂದು ಕನಸು ಕಟ್ಟಿಕೊಳ್ಳೋಣ. ತಾಲೂಕು ಕೋರ್ಟು. ಜವಾನ ಹೆಸರನ್ನು ಮೂರು ಸಲ ಕೂಗುತ್ತಾನೆ. ಕನಸು ಕಂಡಾಕೆ ಅಲ್ಲೇ ಇದ್ದಾಳೆ, ‘ಇದ್ದೀನಿ ಸ್ವಾಮಿ’ ಅನ್ನಲು ದನಿಯೇ ಹೊರಡುವುದಿಲ್ಲ. ಜಡ್ಜ್ ತಲೆಯೆತ್ತದೆ ಕೆಂಪು ಪೆನ್ನಿನಲ್ಲಿ ಬರೆಯುತ್ತಲೇ ಇದ್ದಾರೆ.

ಫ್ರಾಯ್ಡ್ ಕ್ರಮದಲ್ಲಿ ಇಡೀ ಕಥೆಗೆ ಅರ್ಥ ಹಚ್ಚುವಂತಿಲ್ಲ, ತುಂಡು ಮಾಡಬೇಕು. ಜವಾನ, ಮೂರು ಕೂಗು, ಹೊರಡದ ದನಿ, ಕೆಂಪು ಪೆನ್ನು. ಒಂದೊಂದರ ಮುಂದೆಯೂ ತಟ್ಟನೆ ನೆನಪಾದದ್ದನ್ನು, ಅಸಂಬದ್ಧವೆನಿಸಿದರೂ ನಾಚಿಕೆಯೆನಿಸಿದರೂ, ಬರೆಯುತ್ತ ಹೋಗಿ. ಬಡಿವಾರದ ಜಡ್ಜ್‌ಗಿಂತ ಸಣ್ಣ ಪೆನ್ನೇ ಹೆಚ್ಚು ಬಾಯಿಬಿಡುವುದುಂಟು. ಆಕೆಗೆ ಅದರಿಂದ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟರು ಅಪ್ಪ ನೆನಪಾದರೆ ದಾರಿ ಸಿಕ್ಕಿತು. 1923ರಲ್ಲಿ ಫ್ರಾಯ್ಡ್ ‘ಸೂಪರ್ ಈಗೋ’ ಎಂದು ಕರೆದದ್ದು ಇದನ್ನೇ: ತಂದೆತಾಯಿಯ ದನಿ ಒಳಗೇ ಕೂತು ತೀರ್ಪು ಕೊಡುವುದು.

ಸ್ವಿಸ್ ಮನಶ್ಶಾಸ್ತ್ರಜ್ಞ ಯೂಂಗ್ ಇದನ್ನು ಎರಡು ಮಟ್ಟದಲ್ಲಿ ಓದುತ್ತಾನೆ. ಕನಸಿನ ಜಡ್ಜ್ ಹೊರಗಿನ ಒಬ್ಬ ವ್ಯಕ್ತಿ (ಮೇಲಧಿಕಾರಿ, ಅತ್ತೆ) ಎಂದು ಒಮ್ಮೆ, ಕನಸು ಕಂಡವರದೇ ಮನಸ್ಸಿನ ಒಂದು ಭಾಗ ಎಂದು ಇನ್ನೊಮ್ಮೆ. ಆಮೇಲೆ ಕೇಳಬೇಕಾದ್ದು: ಎಚ್ಚರದಲ್ಲಿ ನನ್ನ ಧೋರಣೆ ಯಾವ ಕಡೆ ವಾಲಿದೆ, ಕನಸು ಅದನ್ನು ಹೇಗೆ ಸರಿದೂಗಿಸುತ್ತಿದೆ? ದಿನವಿಡೀ ಇತರರ ತಪ್ಪು ಎಣಿಸುವವರಿಗೆ ಕಟಕಟೆ ಸಿಗುತ್ತದೆ. ಎಲ್ಲಕ್ಕೂ ಹೂಂಗುಟ್ಟುವವರಿಗೆ ಕೆಲವೊಮ್ಮೆ ಕುರ್ಚಿಯೇ ಸಿಗುತ್ತದೆ.

ಒಬ್ಬರೇ ಮಾಡಲು ತೀರ ಸುಲಭದ್ದು ಮನೋಚಿಕಿತ್ಸಕ ಫ್ರಿಟ್ಜ್ ಪರ್ಲ್ಸ್‌ನ ಗೆಸ್ಟಾಲ್ಟ್ ವಿಧಾನ, ಅಂದರೆ ಕನಸಿನ ಪಾತ್ರವನ್ನು ತಾನೇ ಆಡಿ ನೋಡುವುದು. ಎದುರುಬದುರು ಎರಡು ಕುರ್ಚಿ, ಹತ್ತು ಹದಿನೈದು ನಿಮಿಷ. ಜಡ್ಜ್ ಕುರ್ಚಿಯಲ್ಲಿ ಕೂತು ‘ನಾನು ಬರೆಯುತ್ತಿದ್ದೇನೆ, ನಿನ್ನ ಕಡೆ ನೋಡಲು ನನಗೆ ಪುರುಸೊತ್ತಿಲ್ಲ’ ಎಂದು ಗಟ್ಟಿಯಾಗಿ ಹೇಳಿ. ಎದ್ದು ಹೋಗಿ ಎದುರಿನ ಕುರ್ಚಿಯಲ್ಲಿ ಕೂತು ನೀವಾಗಿ ಉತ್ತರ ಕೊಡಿ. ‘ಅವರು ಹೀಗೆ ಅಂದರು’ ಎಂದು ವರದಿ ಒಪ್ಪಿಸತೊಡಗಿದರೆ ಕೆಲಸ ಕೆಟ್ಟಿತು, ‘ನಾನು’ ಅಂತಲೇ ಆಡಬೇಕು. ಜಡ್ಜ್ ಬಾಯಲ್ಲಿ ಯಾರ ಮಾತಿನ ವರಸೆ ಬರುತ್ತದೆ ಎಂದು ಕಿವಿಗೊಡಿ.

ಧಾರ್ಮಿಕ ಪರಂಪರೆಗಳಿಗೆ ಬರುವಾಗ ಒಂದು ಎಚ್ಚರಿಕೆ: ಬೆರಕೆ ಬೇಡ. ಖಾಜಿಯ (ಇಸ್ಲಾಮಿನ ನ್ಯಾಯಾಧೀಶ) ಅರ್ಥ ಒಂದು ಕಡೆಯಿಂದ, ಕನಸು ಬಿದ್ದ ಜಾವದ ಲೆಕ್ಕ ಇನ್ನೊಂದು ಕಡೆಯಿಂದ ತಂದರೆ ಬೇಕಾದ ಫಲ ಬರುವವರೆಗೂ ಹುಡುಕಬಹುದು. ಮೊಬೈಲ್ ಆಪ್‌ಗಳು ಮಾಡುವುದು ಇದನ್ನೇ.

ಕ್ರೈಸ್ತರಲ್ಲಿ ಇಂಥ ಕನಸಿಗೆ ಹೆಸರಾದವರು ಸಂತ ಜೆರೋಮ್. 384ರ ಒಂದು ಪತ್ರದಲ್ಲಿ ಅವರೇ ಬರೆದಿದ್ದಾರೆ: ಜ್ವರದಲ್ಲಿದ್ದಾಗ ನ್ಯಾಯಪೀಠದ ಮುಂದೆ ಎಳೆದೊಯ್ದರು, ಯಾರು ನೀನು ಎಂದರೆ ಕ್ರೈಸ್ತ ಎಂದರು, ‘ಸುಳ್ಳು, ನೀನು ಸಿಸೆರೋನವನು’ (ಸಿಸೆರೋ ಎಂದರೆ ಕ್ರೈಸ್ತನಲ್ಲದ ರೋಮನ್ ಲೇಖಕ) ಎಂಬ ಉತ್ತರ ಬಂತು, ಛಡಿಯೇಟೂ ಬಿತ್ತು. ಲ್ಯಾಟಿನ್ ಸಾಹಿತ್ಯದ ಮೋಹವೇ ಅಪರಾಧ. ಆ ಕನಸಿನಲ್ಲೇ ಲೌಕಿಕ ಗ್ರಂಥ ಮುಟ್ಟುವುದಿಲ್ಲ ಎಂದು ಆಣೆಯಿಟ್ಟರು. ವರ್ಷಗಳ ಮೇಲೆ, ಗೆಳೆಯನಾಗಿದ್ದು ಎದುರಾಳಿಯಾದ ರುಫಿನಸ್ ಆ ಆಣೆ ಮುರಿದಿರಿ ಎಂದು ಎತ್ತಿ ಆಡಿದಾಗ, ಕನಸಿನ ಮಾತು ಹಿಡಿದು ಪ್ರಶ್ನಿಸುವುದೇ ಎಂದು ತಿರುಗಿಬಿದ್ದವರೂ ಅವರೇ! ಇಲ್ಲಿ ನೋಡಬೇಕಾದ್ದು ಆರೋಪ ಎಷ್ಟು ಖಚಿತ ಎಂಬುದನ್ನು. ಜೆರೋಮ್‌ಗೆ ಬಿದ್ದದ್ದು ಹೆಸರಿಟ್ಟ ಆರೋಪ, ಹಾಗಾಗಿ ಬದುಕಿನಲ್ಲಿ ಅದಕ್ಕೊಂದು ವಿಳಾಸ ಸಿಕ್ಕಿತು. ಏನೆಂದೇ ತಿಳಿಯದ ಅಪರಾಧಭಾವಕ್ಕೆ ಧಾರ್ಮಿಕ ಅರ್ಥ ಹಚ್ಚಲು ಅವಸರ ಬೇಡ.

ಇಸ್ಲಾಮಿನಲ್ಲಿ ಮೊದಲ ಕೆಲಸ ವಿಂಗಡಣೆ. ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಪ್ರಕಾರ ಕನಸು ಮೂರು ಬಗೆ: ಅಲ್ಲಾಹನಿಂದ ಬಂದ ಶುಭವಾರ್ತೆ, ಸೈತಾನ ಹುಟ್ಟಿಸುವ ದುಃಖ, ಮನಸ್ಸಿನ ಸ್ವಂತ ಮಾತು. ಹೆದರಿಸಿದ ಕನಸಾದರೆ ಎಡಕ್ಕೆ ಮೂರು ಸಲ ಉಗುಳಿದಂತೆ ಮಾಡಿ, ಅಲ್ಲಾಹನ ಆಶ್ರಯ ಬೇಡಿ, ಮಗ್ಗಲು ಬದಲಿಸಿ ಮಲಗಬೇಕು. ಯಾರಿಗೂ ಹೇಳಬಾರದು, ಅರ್ಥವನ್ನೂ ಕೇಳಬಾರದು. ಒಳ್ಳೆಯ ಕನಸಾದರೆ ಮಾತ್ರ ಆಪ್ತರ ಮುಂದೆ ಬಿಚ್ಚಬಹುದು. ತಾಬೀರ್, ಅಂದರೆ ಕನಸಿನ ಅರ್ಥ ಹೇಳುವ, ಗ್ರಂಥಗಳಲ್ಲಿ ಗುರುತಿಲ್ಲದ ಖಾಜಿಯನ್ನು ಅಲ್ಲಾಹನ ಸೂಚನೆಯಾಗಿ ಓದುತ್ತಾರೆ. ಮುಖದ ಗುರುತು ಮೊದಲೇ ಬರೆದುಕೊಳ್ಳಿ ಎಂದದ್ದು ಅದಕ್ಕೇ.

ಯಹೂದಿ ಪರಿಹಾರ ಚೆಂದದ್ದು. ಯಹೂದಿ ಧರ್ಮಗ್ರಂಥ ತಾಲ್ಮುದ್‌ನ ಬೆರಾಖೋತ್ ಎಂಬ ಭಾಗ ಹೇಳುವಂತೆ, ಕನಸಿನಿಂದ ಕಳವಳಗೊಂಡವರು ಮೂವರನ್ನು ಕೂರಿಸಿಕೊಂಡು ‘ಒಳ್ಳೆಯ ಕನಸು ಕಂಡೆ’ ಎನ್ನಬೇಕು. ‘ಒಳ್ಳೆಯದೇ, ಒಳ್ಳೆಯದೇ ಆಗಲಿ’ ಎಂದು ಅವರು ಹರಸುತ್ತಾರೆ. ಯಹೂದಿ ನ್ಯಾಯಪೀಠಕ್ಕೆ ಬೇಕಾದದ್ದೂ ಮೂವರೇ. ಹಾಗಾಗಿ ಕನಸಿನ ಜಡ್ಜ್‌ಗೆ ಎಚ್ಚರದ ಪೀಠದಲ್ಲಿ ಮೇಲ್ಮನವಿ ಹಾಕಿದಂತಾಗುತ್ತದೆ.

ನಮ್ಮ ಪುರಾಣಗಳ ಲೆಕ್ಕ ಜಾವದ್ದು. ಫಲ ಕೂಡಿಬರಲು ಮೊದಲ ಜಾವದ ಕನಸಿಗೆ ವರ್ಷ, ಎರಡನೆಯದಕ್ಕೆ ಆರು ತಿಂಗಳು, ಮೂರನೆಯದಕ್ಕೆ ಮೂರು, ಬೆಳಗಿನ ಹೊತ್ತಿಗೆ ಇನ್ನೂ ಬೇಗ. ಜಡ್ಜ್ ಇಲ್ಲಿ ಯಮಧರ್ಮನಾಗಿ, ಲೆಕ್ಕದ ಚಿತ್ರಗುಪ್ತನಾಗಿ ಬರಬಹುದು. ಕರಾವಳಿಯವರಿಗೆ ದೈವವಾಗಿಯೂ ಬರಬಹುದು, ಅಲ್ಲಿ ವ್ಯಾಜ್ಯ ದೈವದ ಮುಂದೆ ತೀರುವ ವಾಡಿಕೆ ಇದೆಯಲ್ಲ. ಅಂಥ ಕನಸಿನಲ್ಲಿ ಮೊದಲು ತಡಕಬೇಕಾದ್ದು ತೀರಿಸದ ಹರಕೆ, ಹಂಚಿಕೊಳ್ಳದ ಆಸ್ತಿ, ಕೊಟ್ಟು ತಪ್ಪಿದ ಮಾತು.

ಎರಡನೇ ಶತಮಾನದ ಗ್ರೀಕ್ ಪಂಡಿತ ಆರ್ಟೆಮಿಡೋರಸ್ ಕೋರ್ಟು, ಜಡ್ಜು, ವಕೀಲರ ಕನಸಿಗೆ ಗೊಂದಲ, ಅಕಾಲದ ಖರ್ಚು, ಗುಟ್ಟು ಬಯಲು ಎಂದು ಫಲ ಹೇಳಿದ. ಆದರೆ ನಿಜವಾಗಿ ದಾವೆ ನಡೆಸುತ್ತಿರುವವನು ತಾನೇ ಜಡ್ಜ್ ಕುರ್ಚಿಯಲ್ಲಿ ಕೂತಂತೆ ಕಂಡರೆ ಸೋಲುವುದಿಲ್ಲವಂತೆ. ಜಡ್ಜ್ ತನ್ನ ವಿರುದ್ಧ ತಾನೇ ತೀರ್ಪು ಕೊಡುತ್ತಾನೆಯೇ ಎಂಬುದು ಆತನ ತರ್ಕ. ಕನಸು ಕಂಡವರ ಕಸುಬು, ಸ್ಥಿತಿಗತಿ ಕೇಳದೆ ಫಲ ಹೇಳಬೇಡಿ ಎಂದವನೂ ಆತನೇ.

ಅದೇ ಕೋರ್ಟು ವಾರಕ್ಕೆರಡು ಸಲ ಬಂದು ಬೆವರಿಸುತ್ತಿದ್ದರೆ ಅರ್ಥ ಹುಡುಕುವುದನ್ನು ಪಕ್ಕಕ್ಕಿಡಿ. ಹಗಲಲ್ಲಿ ಕೂತು ಆ ಕನಸನ್ನು ನಿಮಗೆ ಬೇಕಾದಂತೆ ಬದಲಿಸಿ ಬರೆಯಿರಿ: ಜಡ್ಜ್ ತಲೆಯೆತ್ತಲಿ, ನಿಮ್ಮ ದನಿ ಹೊರಡಲಿ. ಹೊಸ ಆವೃತ್ತಿಯನ್ನು ಮಾತ್ರ ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಮುಂದೆ ತಂದುಕೊಳ್ಳಿ, ಕೆಲವು ವಾರ. ಹಳೆಯದನ್ನು ಮತ್ತೆ ಮತ್ತೆ ಮೆಲುಕು ಹಾಕಿದರೆ ಅದೇ ಗಟ್ಟಿಯಾಗುತ್ತದೆ. ನಿಜವಾದ ದೌರ್ಜನ್ಯ ಅಥವಾ ಆಘಾತದ ನೆನಪು ಬೆರೆತಿದ್ದರೆ ಒಬ್ಬರೇ ಇದಕ್ಕೆ ಕೈಹಾಕದೆ ಮನಶ್ಶಾಸ್ತ್ರಜ್ಞರ ಜೊತೆ ಮಾಡಿ. ಶಿಕ್ಷೆ ತನಗೆ ಆಗಲೇಬೇಕು, ಬದುಕಿರಬಾರದು ಎಂಬ ಯೋಚನೆ ಎಚ್ಚರದಲ್ಲೂ ಬರುತ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಅಂದೇ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.